ಮುಚ್ಚಿದ ಶೆಡ್ಡಿಗೆ ಬಂದ ಸಂದೇಶಗಳು

ಜಡೆಪ್ಪನಂಥ ಹುಂಬನನ್ನು ನಾನು ನೋಡಿಲ್ಲ. ಹೊಸಪೇಟೆಯ ನಮ್ಮ ಗಣಿ ಆಫೀಸಿನಲ್ಲಿ ಕಂಪ್ಯೂಟರ್‌ಗಳಿಗೆ ತಂತಿ ಎಳೆಯುವವನೂ ಅವನೇ, ವಿಳಾಸದ ನಂಬರ್ ಕೊಡುವವನೂ ಅವನೇ. ಪಾಪಿನಾಯಕನಹಳ್ಳಿ ಶೆಡ್ಡಿನ ಕಂಪ್ಯೂಟರಿಗೆ ಬಳಸಬಾರದ ನಂಬರೊಂದನ್ನು ಇಟ್ಟಿದ್ದ.

"ಅದನ್ನ ಬ್ಯಾರೆ ಕೆಲಸಕ್ಕ ಕಾದಿಟ್ಟಾರೋ, ಪುಸ್ತಕದಾಗ ಐತಿ" ಎಂದರೆ, "ಸುಮ್ನಿರ್ರಿ ಸಿದ್ದಲಿಂಗಣ್ಣ, ಏಳು ವರ್ಷದಿಂದ ಮಸ್ತ್ ನಡದೈತಿ" ಎಂದ. ಸಂದೇಶ ಸಾಗಿಸುವ ಹಳೆಯ ಸರ್ವರ್‌ಗೆ ಅದು ಬರೀ ನಂಬರ್ ಆಗಿತ್ತು, ನಿಜ.

2004ರಲ್ಲಿ ಹೊಸ ಸರ್ವರ್ ಬಂತು. ದಾರಿ ಗೊತ್ತಿಲ್ಲದ ಸಂದೇಶವನ್ನೆಲ್ಲ ಅದು ಆ ನಂಬರಿನ ಕಡೆಗೇ ದಬ್ಬುತ್ತಿತ್ತು. ಮೊದಲಾದರೆ ವಿಳಾಸ ತಪ್ಪಿದರೆ "ಹೋಗಲಿಲ್ಲ" ಎಂದು ಕಳಿಸಿದವನ ಪರದೆಯ ಮೇಲೆ ಬರುತ್ತಿತ್ತು. ಈಗ ಎಲ್ಲವೂ ತೆಪ್ಪಗೆ ಹೋಗಿ ಶೆಡ್ಡಿನಲ್ಲಿ ಬೀಳುತ್ತಿತ್ತು. ಶೆಡ್ಡು ಮುಚ್ಚಿ ವರ್ಷವಾಗಿತ್ತು. ಸಂಡೂರಿನ ತಂತಿ ಅಲ್ಲಿಂದಲೇ ಹಾಯುತ್ತಿದ್ದುದರಿಂದ ಕಂಪ್ಯೂಟರ್ ಮಾತ್ರ ಚಾಲೂ ಇತ್ತು.

ಅದೇ ಮಳೆಗಾಲ ಆಫೀಸು ಹೊಸ ಕಟ್ಟಡಕ್ಕೆ ಹೋಯಿತು, ನಂಬರೂ ಬದಲಾಯಿತು. ಸಂಡೂರು ಗುಡ್ಡದಲ್ಲಿ ಲಾರಿ ತೂಗುವ ಕಾಟಾದ ಕಂಪ್ಯೂಟರಿಗೆ ಆ ಹೊಸ ನಂಬರ್ ಹಾಕುವುದನ್ನು ಜಡೆಪ್ಪ ಮರೆತ. ಅಲ್ಲಿದ್ದವನು ಮಾರೆಪ್ಪ. ಒಪ್ಪಿಗೆಯಿಲ್ಲದೆ ಕಾಟಾ ಬಿಟ್ಟು ಕದಲಬಾರದು ಎಂಬುದು ಕಂಪನಿ ನಿಯಮ, ಪುಣ್ಯಾತ್ಮ ಅದನ್ನು ಮೀರಿದವನಲ್ಲ. ಆಫೀಸು ಬದಲಾದ ಮರುದಿನ ಗುಡ್ಡ ಕುಸಿದು ಮಾರೆಪ್ಪ ಮಣ್ಣಾದ.

"ತಿಳಿಸಿದ್ದರೆ ಇಳಿಸುತ್ತಿದ್ದೆವು, ನಿದ್ದೆ ಹೊಡೆದಿರಬೇಕು" ಎಂದು ಸಾಹೇಬರು ಕೈ ತೊಳೆದುಕೊಂಡರು. ಮಾರೆಪ್ಪನ ಹೆಂಡತಿ ಎರ್ರೆಮ್ಮ ಆಫೀಸಿಗೆ ಬಂದು ಬಂದು ಒಂದೇ ಮಾತು ಕೇಳುತ್ತಿದ್ದಳು: "ನನ್ನ ಗಂಡ ಮಲಗಿದ್ನೇನ್ರಿ?"

ಅನುಮಾನ ಬಂದು ಶೆಡ್ಡಿನ ಕಂಪ್ಯೂಟರ್ ನೋಡಿ ಬಂದ ಜಡೆಪ್ಪ ಊಟ ಬಿಟ್ಟ. ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಕೂರುತ್ತಿದ್ದ.

"ಮಾರೆಪ್ಪ ಆ ಪರದಿ ಮ್ಯಾಲ ಇನ್ನೂ ಕೇಳಾಕತ್ಯಾನಣ್ಣ. ಹೋಗ್ಲಿಲ್ಲ ಅಂತ ಬಂದಿದ್ರ ಒಪ್ಪಿಗೆ ಕೇಳಾಕರ ಎದ್ದು ಬಂದಿರ್ತಿದ್ದ. ಉತ್ತರ ಬರ್ತೈತಿ ಅಂತ ಕುಂತ."

ನನಗೆ ಸಿಟ್ಟು ಬಂತು. "ಲೇ, ಆ ಹೆಣ್ಮಗಳಿಗೆ ನೀ ಹೇಳ್ತಿಯೋ, ನಾನೇ ಹೇಳ್ಲೋ?"

ಎರ್ರೆಮ್ಮನನ್ನು ಶೆಡ್ಡಿಗೆ ಕರೆದುಕೊಂಡು ಹೋದೆವು. ಅವಳಿಗೆ ಓದು ಬಾರದು. ಪರದೆಯ ಮೇಲಿದ್ದುದನ್ನು ಜಡೆಪ್ಪನೇ ಓದಿದ.

"ಒಂಬತ್ತೂವರೆ. ಗುಡ್ಡ ಬಿರುಕು ಬಿಟ್ಟೈತ್ರಿ. ಕೆಳಗ ಬರ್ಲೇನ್ರಿ?"

"ಹತ್ತು. ಬಿರುಕು ದೊಡ್ಡದಾಗೈತ್ರಿ. ಬರ್ಲೇನ್ರಿ?"

"ಹತ್ತೂಕಾಲು. ಸಾಹೇಬ್ರ, ಬರ್ಲೇನ್ರಿ?"

ಮುಂದೆ ಏನೂ ಇರಲಿಲ್ಲ. "ತಪ್ಪು ನಂದವ್ವಾ" ಎಂದು ಜಡೆಪ್ಪ ಅವಳ ಕಾಲಿಗೆ ಬಿದ್ದ.

ಎರ್ರೆಮ್ಮ ಅವನತ್ತ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಾ ಹೇಳಿದಳು: "ಏಳಣ್ಣಾ. ಎಷ್ಟೊತ್ತಿಂದ ಕೇಳಾಕತ್ಯಾನ. ಬಾ ಅಂತ ಬರಿ."