ಮಾದಯ್ಯನ ಬಿಳಿ ಚಾವಣಿ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಂದು ಕಾಲಕ್ಕೆ ಲಾಳಿಯ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಈಗ ಎಲ್ಲರ ಮಾತೂ ಚೆನ್ನಾಗಿ ಕೇಳುತ್ತದೆ, ಆಡುವುದಕ್ಕೇ ಏನೂ ಉಳಿದಿಲ್ಲ. ಹೋದ ವರ್ಷದ ಹೊತ್ತಿಗೆ ಬೀದಿಯಲ್ಲಿದ್ದದ್ದು ಎರಡೇ ಮಗ್ಗ. ಒಂದು ಮಾದಯ್ಯನದು, ಇನ್ನೊಂದು ಪಕ್ಕದ ಮನೆಯ ರಂಗಸ್ವಾಮಿಯದು.

ಎರಡು ಇದ್ದದ್ದರಿಂದಲೇ ಎರಡೂ ಇದ್ದವು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳನ್ನು ಹಾಸು ಎನ್ನುತ್ತಾರೆ. ಒಂದು ಹಾಸು ನೇದು ಮುಗಿಯುತ್ತ ಬಂದಾಗ, ಅದರ ತುದಿಗಳಿಗೆ ಹೊಸ ಹಾಸಿನ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಎಳೆಗಳನ್ನು ಒಂದೊಂದಾಗಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸಬೇಕು. ಎಳೆ ಆರಿಸಿ ಕೊಡಲು ಒಬ್ಬರು, ಎದುರು ಕೂತು ಹೊಸೆಯಲು ಒಬ್ಬರು. ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ. ನಲವತ್ತು ವರ್ಷದಿಂದ ಮಾದಯ್ಯನ ಎದುರು ರಂಗಸ್ವಾಮಿ, ರಂಗಸ್ವಾಮಿಯ ಎದುರು ಮಾದಯ್ಯ ಕೂರುತ್ತಿದ್ದರು. ಮಾದಯ್ಯನ ಹೆಂಡತಿ ಅನಸೂಯಮ್ಮನೂ ಮೊದಲು ಕೂರುತ್ತಿದ್ದಳು. ಚಿಕುನ್‌ಗುನ್ಯ ಬಂದು ಹೋದ ಮೇಲೆ ಅವಳ ಬೆರಳುಗಳು ಸೊಟ್ಟಗಾಗಿ, ಸೂಜಿ ಹಿಡಿಯುವುದೂ ಕಷ್ಟವಾಯಿತು.

ಮಾದಯ್ಯನದು ಹಂಚಿನ ಮನೆ. ಒಳಗೆ ಮಗ್ಗ ತಣ್ಣಗಿತ್ತು. ಅದು ಕೋತಿಗಳಿಗೆ ಸಹಿಸಲಿಲ್ಲವೋ ಏನೋ, ಹಿಂಡುಗಟ್ಟಿ ಬಂದು ಹಂಚನ್ನೆಲ್ಲ ಪುಡಿಮಾಡಿದವು. ಹಂಚು ಕೈಯಾಡಿಸುವ ಆಳು ಹುಡುಕಿದರೆ ಯಳಂದೂರಿನವರೆಗೂ ಒಬ್ಬನೂ ಸಿಗಲಿಲ್ಲ. ಮಗ ಮೋಹನ್ ತಗಡಿನ ಶೀಟು ಹಾಕಿಸಿದ. ಕೋತಿಗಳಿಗೆ ಕುಣಿಯಲು ಇನ್ನೂ ಅನುಕೂಲವಾಯಿತು. ಮಾರ್ಚ್ ಬಂತೆಂದರೆ ಮನೆ ಕಾದ ಬಾಣಲೆ. ರೇಷ್ಮೆ ಒಣಗಿ ಗಳಿಗೆಗೊಂದು ಎಳೆ ಪಟ್ಟೆಂದು ಹರಿಯುತ್ತಿತ್ತು. ಮಾದಯ್ಯ ನೆಲಕ್ಕೆ ನೀರು ಹಾಕಿದ, ಒದ್ದೆ ಗೋಣಿಚೀಲ ಇಳಿಬಿಟ್ಟ, ಕೊನೆಗೆ ಸಿಟ್ಟಿಗೆದ್ದು ಶೀಟನ್ನು ಬೈದ. ಶೀಟು ಯಾರ ಮಾತು ಕೇಳುತ್ತದೆ?

ಮೋಹನ್ ಕುಂತೂರಿನ ಕಡೆ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು, ಮಗ್ಗದ ಕೆಲಸ ಕಲಿತವನಲ್ಲ. ಅಲ್ಲಿನ ಆಫೀಸಿನ ಚಾವಣಿಗೆ ಬಿಳಿ ಬಣ್ಣ ಬಳಿದ ಮೇಲೆ ಎಸಿ ಓಡಿಸುವುದು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅದೇ ಬಣ್ಣದ ಎರಡು ಡಬ್ಬ ತಂದ.

"ಬಿಸ್ಲು ಬಿದ್ದದ್ದು ಬಿದ್ದಂಗೆ ವಾಪಸ್ ಓಯ್ತದ ಕಣಪ್ಪ. ಒಳಕ್ಕಿಳಿಯಕ್ಕಿಲ್ಲ."

"ವಾಪಸ್ ಎಲ್ಗೆ ಓದದ್ಲಾ?"

"ಮ್ಯಾಲಕ್ಕೆ. ಇನ್ನೆಲ್ಗೆ ಓದದು?"

ಎರಡು ಕೋಟು ಹೊಡೆದರು. ಮೂರನೆಯ ದಿನಕ್ಕೆ ಮಾದಯ್ಯನಿಗೆ ನಂಬಿಕೆ ಬಂತು. ಮಟಮಟ ಮಧ್ಯಾಹ್ನದಲ್ಲೂ ಮಗ್ಗದ ಮುಂದೆ ಬೆವರು ಒರೆಸಿಕೊಳ್ಳದೆ ಕೂರಬಹುದಾಗಿತ್ತು. ಇಡೀ ದಿನಕ್ಕೆ ಮೂರೋ ನಾಲ್ಕೋ ಎಳೆ ಹರಿದರೆ ಹೆಚ್ಚು. ಇನ್ನು ಸಾಯುವವರೆಗೂ ನೇಯಬಹುದು ಎಂದು ಅವನು ಅನಸೂಯಮ್ಮನ ಮುಂದೆ ಬಾಯಿಬಿಟ್ಟು ಹೇಳಿಕೊಂಡ. ಅಷ್ಟು ಸಂತೋಷಪಡಬಾರದಿತ್ತು.

ರಂಗಸ್ವಾಮಿಯ ಮಗ್ಗ ಇದ್ದದ್ದು ಮಹಡಿಯ ಮೇಲೆ. ಅದರ ಕಿಟಕಿ ಉತ್ತರಕ್ಕೆ, ಮಾದಯ್ಯನ ಚಾವಣಿಯ ನೇರಕ್ಕೆ ತೆರೆಯುತ್ತಿತ್ತು. ಬಣ್ಣ ಬಳಿದ ವಾರದಲ್ಲೇ ಹನೂರಿನಲ್ಲಿದ್ದ ಅವನ ಮಗಳಿಗೆ ಹೆರಿಗೆ ಹತ್ತಿರವಾಯಿತು. ಅಳಿಯ ಊರಲ್ಲಿರಲಿಲ್ಲ, ರಂಗಸ್ವಾಮಿ ಹೆಂಡತಿಯ ಜೊತೆ ಹೊರಟ. ಮಗ್ಗದ ಮೇಲೆ ನೇರಳೆ ಬಣ್ಣದ ಹಾಸು ಬಿಗಿದಿತ್ತು, ಮದುವೆ ಸೀರೆಯದು. ಬೀಗದ ಕೈ ಮಾದಯ್ಯನ ಕೈಗಿಟ್ಟ.

"ಗಾಳಿ ಆಡ್ದಿದ್ರೆ ರೂಮು ಕಾದೋಯ್ತದ. ದಿನಾ ಒಂದ್ ಗಳ್ಗೆ ಕಿಟಕಿ ತಗ್ದು ಮುಚ್ಬುಡು, ಮಾದಯ್ಯ."

ಒಂದು ಗಳಿಗೆ ಎಂದರೆ ಒಂದು ಗಳಿಗೆ ತೆಗೆದರೆ ಸಾಕಿತ್ತು. ಆದರೆ ಕಾದ ಮನೆಯಲ್ಲಿ ಹಾಸು ಪಡುವ ಪಾಡು ಮಾದಯ್ಯನಿಗೆ ಗೊತ್ತಿತ್ತು. ತನ್ನ ಮಗ್ಗ ತಣ್ಣಗಿರುವಾಗ ಗೆಳೆಯನದು ಬೇಯಬಾರದೆಂದು ಬೆಳಿಗ್ಗೆ ತೆಗೆದ ಕಿಟಕಿಯನ್ನು ಸಂಜೆಗೆ ಮುಚ್ಚತೊಡಗಿದ. ಉತ್ತರದ ಕಿಟಕಿ, ಬಿಸಿಲು ಬಂದದ್ದನ್ನು ಹುಟ್ಟಿದಾಗಿನಿಂದ ಯಾರೂ ಕಂಡವರಲ್ಲ. ರೂಮಿನ ತುಂಬ ಬೆಳಕು ಹರಡಿರುವುದು ಅವನ ಕಣ್ಣಿಗೂ ಬಿದ್ದಿತ್ತು. ಒಳ್ಳೆಯದೇ ಆಯಿತು, ಇಲಿ ಸೇರುವುದಿಲ್ಲ ಎಂದುಕೊಂಡ. ಹೀಗೆ ಮೂವತ್ತೆರಡು ದಿನ ತಪ್ಪದೆ ಕಿಟಕಿ ತೆಗೆದ.

ಮೊಮ್ಮಗುವಿನ ಮುಖ ನೋಡಿ ಬಂದ ರಂಗಸ್ವಾಮಿ ಸಕ್ಕರೆ ಹಂಚಿ ಮಹಡಿ ಹತ್ತಿದ. ಸ್ವಲ್ಪ ಹೊತ್ತಿಗೆ ಮಾದಯ್ಯನನ್ನು ಕೂಗಿದ. ಹಾಸಿನ ಮೇಲೆ, ಕಿಟಕಿಯ ಅಗಲಕ್ಕೆ ಸರಿಯಾಗಿ, ನೇರಳೆ ಬಣ್ಣ ಹೋಗಿ ಹಳೆಯ ಗಾಯದ ಕಲೆಯಂತೆ ಬಿಳಿಚಿಕೊಂಡಿತ್ತು. ನೆತ್ತಿಯ ಮೇಲಿನ ಸೂರ್ಯ ಬಿಳಿ ಚಾವಣಿಗೆ ಬಿದ್ದು, ಅಲ್ಲಿಂದ ಎದ್ದ ಬೆಳಕು ತೆರೆದ ಕಿಟಕಿಯಿಂದ ನೇರವಾಗಿ ಎಳೆಗಳ ಮೇಲೆ ಸುರಿಯುತ್ತಿತ್ತು. ಆಗಲೂ ಸುರಿಯುತ್ತಲೇ ಇತ್ತು. ಮಾದಯ್ಯ ಓಡಿಹೋಗಿ ಕಿಟಕಿ ಮುಚ್ಚಿದ.

"ನಾನೇ ಕಣ್ ರಂಗಸ್ವಾಮಿ. ದಿನ್ವೆಲ್ಲ ನಾನೇ ಕಿಟಕಿ ತಗ್ದಿಟ್ಟಿದ್ದು. ಈಗ್ಲೇ ಚಾವಣಿಗೆ ಟಾರು ಬಳುಸ್ತೀನಿ. ನಾನು ಬೆಂದ್ರೂ ಸೈ."

"ಬುಡು ಮಾದಯ್ಯ. ಟಾರು ಬಳುದ್ರೆ ನನ್ ಹಾಸು ತಿರ್ಗ ನೇರಳೆ ಆದದಾ?"

ಬೈದಿದ್ದರೆ ಮಾದಯ್ಯ ಬದುಕಿಕೊಳ್ಳುತ್ತಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆಲ್ಲ ನಕ್ಕು ಮರೆಯುವಂಥದ್ದು. ಇದು ಹಾಗಲ್ಲ. ರೇಷ್ಮೆ ಕೊಟ್ಟಿದ್ದ ಸಾಹುಕಾರ ಪುಟ್ಟಮಲ್ಲಪ್ಪ ಬಂದು ನೋಡಿದ, ಎರಡು ಬಣ್ಣದ ಸೀರೆಯನ್ನು ಯಾವ ಹೆಣ್ಣು ಧಾರೆಗೆ ಉಡುತ್ತಾಳೆ ಎಂದ, ಹಾಸನ್ನು ಕೊಯ್ದು ಚೀಲಕ್ಕೆ ತುಂಬಿಕೊಂಡು ಹೋದ. ಮಾದಯ್ಯ ಅವನ ಹಿಂದೆಯೇ ಬೀದಿಯ ಕೊನೆಯವರೆಗೆ ಓಡಿ, ತಪ್ಪು ನನ್ನದು, ಅವನಿಗೆ ಇನ್ನೊಂದು ಹಾಸು ಕೊಡಿ ಎಂದು ಕೈಮುಗಿದ. ಅರುವತ್ತು ದಾಟಿದವರನ್ನು ನಂಬಿ ರೇಷ್ಮೆ ಕೊಡುವ ಕಾಲ ಮುಗಿಯಿತು ಎಂದು ಸಾಹುಕಾರ ಸ್ಕೂಟರ್ ಹತ್ತಿದ.

ರಂಗಸ್ವಾಮಿ ಮಗ್ಗ ಬಿಚ್ಚಿದ. ಮನೆ ಬಾಡಿಗೆಗೆ ಕೊಟ್ಟು ಹನೂರಿಗೆ, ಮಗಳ ಮನೆಗೆ ಹೋದ. ಬಸ್ಸು ಹತ್ತುವಾಗ ಮಾದಯ್ಯನ ಭುಜದ ಮೇಲೆ ಕೈಯಿಟ್ಟ, ಏನೋ ಹೇಳಲು ಬಾಯಿ ತೆರೆದ, ಕಂಡಕ್ಟರ್ ಸೀಟಿ ಊದಿದ.

ಮಾದಯ್ಯನ ಮಗ್ಗದ ಮೇಲೆ ಆಗ ಒಂದು ಸೀರೆಗಾಗುವಷ್ಟು ಹಾಸು ಉಳಿದಿತ್ತು. ಹತ್ತು ದಿನದಲ್ಲಿ ನೇಯುವುದನ್ನು ಅವನು ತಿಂಗಳಿಗೆ ಎಳೆದ. ಎಳೆದರೇನು, ಹಾಸು ಬೆಳೆಯುತ್ತದೆಯೇ? ಎರಡು ಗೇಣು ಉಳಿದಾಗ ನಿಲ್ಲಿಸಿ, ಮೊದಲೇ ತಂದಿಟ್ಟಿದ್ದ ಹೊಸ ಹಾಸನ್ನು ತೆಗೆದು, ಬೂದಿ ಹಚ್ಚಿಕೊಂಡು ಒಬ್ಬನೇ ಕೂತ. ಎಳೆಯನ್ನು ಹಲ್ಲಲ್ಲಿ ಕಚ್ಚಿ ಆರಿಸಿದ, ಬೆರಳಲ್ಲಿ ಹೊಸೆದ. ಸಂಜೆಯ ಹೊತ್ತಿಗೆ ನೂರೈವತ್ತು ಕೂಡಿದ್ದವು. ಅರ್ಧಕ್ಕರ್ಧ ಸಾಲು ತಪ್ಪಿದ್ದವು.

ಮರುದಿನ ಅನಸೂಯಮ್ಮ ಹೇಳದೆ ಕೇಳದೆ ಬಂದು ಎದುರು ಕೂತಳು.

"ನಿನ್ ಕೈಲಾಗಕ್ಕಿಲ್ಲ ಕಣೇ."

"ಆದಷ್ಟು ಆಗ್ಲಿ ಕಣ್ರಿ."

ಸೊಟ್ಟ ಬೆರಳುಗಳಿಂದ ಅವಳು ಒಂದು ಎಳೆ ಎತ್ತಿದಳು, ಜಾರಿತು. ಮತ್ತೊಂದು ಎತ್ತಿದಳು, ಅದೂ ಜಾರಿತು. ನಾಲ್ಕನೆಯದನ್ನು ಗಟ್ಟಿಯಾಗಿ ಹಿಡಿಯಲು ಹೋಗಿ ಹರಿದೇ ಹಾಕಿದಳು. ಆಮೇಲೆ ಎರಡು ಕೈಯನ್ನೂ ಮಡಿಲಲ್ಲಿ ಬಚ್ಚಿಟ್ಟುಕೊಂಡು ಮಗುವಿನಂತೆ ಅತ್ತಳು. ಮಾದಯ್ಯ ಕತ್ತರಿ ತಂದು ಹಾಸನ್ನು ಕೊಯ್ದ.

ಪಾಳಿ ಮುಗಿಸಿ ಬಂದ ಮೋಹನ್ ಅಂಗಿ ಬಿಚ್ಚಿ ಮಗ್ಗದ ಪಕ್ಕದ ನೆಲದ ಮೇಲೆ ಅಂಗಾತ ಮಲಗಿದ. ಅಪ್ಪನ ಮುಖವನ್ನೂ ನೋಡಲಿಲ್ಲ, ಖಾಲಿ ಮಗ್ಗವನ್ನೂ ನೋಡಲಿಲ್ಲ.

"ಊರೆಲ್ಲ ಬೆಂದೋಯ್ತಾ ಅದ. ಇಲ್ಲಿ ಎಷ್ಟು ತಣ್ಗದ ನೋಡಪ್ಪ."

"ಊಂ," ಎಂದ ಮಾದಯ್ಯ. ಕತ್ತರಿಯನ್ನು ಗೂಡಿನಲ್ಲಿಟ್ಟು, "ನಾಳ ಮರ ತಕ್ಕಳೋರ್ ಯಾರಾರ ಅವ್ರಾ ಕೇಳ್ಕಂಡ್ ಬಾ," ಎಂದ. "ನಮ್ಮಜ್ಜನ ಕಾಲದ ಮಗ್ಗ. ಇನ್ನೂ ಗಟ್ಟಿಯಾಗದ ಅಂತ ಯೋಳು."