ತೂತು ಮುಚ್ಚಿದ ಬೈಕು

ಹೋದ ಭಾನುವಾರ ಕೆಂಗೇರಿ ಉಪನಗರದ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ನಮ್ಮ ಭಾವ ಒಂದು ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವರು ಏಳಲೇ ಇಲ್ಲ.

ನೆಲದ ಮೇಲೆ ಕೂರುವುದನ್ನೇ ಬಿಟ್ಟ ಮನುಷ್ಯ ಅವರು. ಎಡಗಾಲಿನಲ್ಲಿ ಸ್ಟೀಲ್ ರಾಡ್ ಇದೆ. ಮದುವೆ ಮನೆಯಲ್ಲಿ ಟೇಬಲ್ ಪಂಕ್ತಿ ಸಿಗುವವರೆಗೂ ಊಟಕ್ಕೆ ಏಳುವುದಿಲ್ಲ. ಅಂಥವರು ಕುಳಿತುಬಿಟ್ಟರು. ಇವರನ್ನು ಎತ್ತುವವರು ಯಾರು ಅನ್ನುವುದೇ ನನಗೆ ಮೊದಲು ಹೊಳೆದದ್ದು. (ನನ್ನ ಸೊಂಟದ ಕಥೆ ನಿಮಗೆ ಗೊತ್ತೇ ಇದೆ. ಈ ಅಂಕಣದಲ್ಲಿ ಓದಿ ಓದಿ ನಿಮಗೂ ಸಾಕಾಗಿರಬೇಕು.)

ಭಾವ ಅಂದರೆ ನನ್ನ ಅಕ್ಕನ ಗಂಡ. ಬಸವೇಶ್ವರನಗರದಲ್ಲಿ ಮನೆ. ಫ್ಯಾಕ್ಟರಿಯಿಂದ ರಿಟೈರ್ ಆಗಿ ಈಗ ಪೇಪರ್ ಓದುವುದು, ಬಿಪಿ ಮಾತ್ರೆ ನುಂಗುವುದು, ನಲ್ಲಿಯಲ್ಲಿ ನೀರು ಬಂತಾ ಅಂತ ನೋಡುವುದು, ಇಷ್ಟೇ ಕೆಲಸ. ಆದರೆ ಮೀಸೆ ಕಪ್ಪಗಿದ್ದ ಕಾಲದಲ್ಲಿ ಅವರು ಬೈಕ್ ರೇಸಿನಲ್ಲಿ ಓಡಿಸಿದವರು. ಹಾಗಂತ ಅವರೇ ಹೇಳುತ್ತಾರೆ.

ಈಗ ಟೀವಿಯಲ್ಲಿ ಬರುವಂಥ ರೇಸ್ ಅಂದುಕೊಳ್ಳಬೇಡಿ. ಶನಿವಾರ ಶಿಫ್ಟ್ ಮುಗಿಸಿ ಅದೇ ಬೈಕ್ ಓಡಿಸಿಕೊಂಡು ಮದ್ರಾಸಿಗೆ ಹೋಗುವುದು. ಅಲ್ಲಿ ಊರಾಚೆ ವಿಮಾನ ಇಳಿಯುವುದು ನಿಂತುಹೋದ ಹಳೇ ರನ್‌ವೇ. ಬೆಳಿಗ್ಗೆ ಎದ್ದು ಹೆಡ್‌ಲೈಟ್, ಮುಂದಿನ ಮಡ್‌ಗಾರ್ಡ್, ಸೈಲೆನ್ಸರ್ ಎಲ್ಲ ಬಿಚ್ಚಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಡುವುದು. ರೇಸ್ ಓಡಿಸುವುದು. ಕೈಕಾಲು ನೆಟ್ಟಗಿದ್ದರೆ ಬಿಚ್ಚಿದ್ದನ್ನೆಲ್ಲ ಮತ್ತೆ ಹಾಕಿಕೊಂಡು ಅದೇ ಬೈಕಿನಲ್ಲಿ ವಾಪಸ್. ಸೋಮವಾರ ಫಸ್ಟ್ ಶಿಫ್ಟ್.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಬೈಕು ಅದು. (ಹೆಸರು ಬೇಕಿಲ್ಲ. ಕಿಕ್ಕರ್ರೂ ಗೇರೂ ಒಂದೇ ಕಡ್ಡಿ ಅಂದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತದೆ.)

ಕಥೆ ಚೆನ್ನಾಗಿದೆ. ಸಾಕ್ಷಿ ಎಲ್ಲಿದೆ? ಫೋಟೋ ತೆಗೆದ ಗೆಳೆಯ ತೀರಿಕೊಂಡು ಎಷ್ಟೋ ಕಾಲವಾಯಿತು. ಗೆದ್ದ ಎರಡು ಹಿತ್ತಾಳೆ ಕಪ್ಪುಗಳನ್ನು ಅಕ್ಕ ಪಾತ್ರೆ ವ್ಯಾಪಾರಿಗೆ ಹಾಕಿ ಸ್ಟೀಲಿನ ಹುಳಿ ಪಾತ್ರೆ ತೆಗೆದುಕೊಂಡಳು. ಪಾತ್ರೆ ಇವತ್ತಿಗೂ ಗಟ್ಟಿಯಾಗಿದೆ. ಕಾಲಿನ ರಾಡ್ ಇದೆಯಲ್ಲ ಅಂದರೆ, ಅದು ರೇಸಿನಲ್ಲಿ ಬಿದ್ದದ್ದಲ್ಲ, ಮಾಗಡಿ ರಸ್ತೆಯ ಗುಂಡಿಯಲ್ಲಿ ಬಿದ್ದದ್ದು.

ಹಾಗಾಗಿ ಮನೆಯವರಿಗೆ ಅದೊಂದು ತಮಾಷೆಯಾಗಿಬಿಟ್ಟಿದೆ. ಭಾವ "ಆವಾಗ ನಾನು" ಅಂದ ಕೂಡಲೇ ಅಕ್ಕ ಅಡುಗೆ ಮನೆಗೆ ಹೋಗುತ್ತಾಳೆ. ಮಗಳ ಫೋನಿಗೆ ಅದೇ ಹೊತ್ತಿಗೆ ಮೆಸೇಜ್ ಬರುತ್ತದೆ. ಇನ್ನು ಅಳಿಯ ಗಿರೀಶ. ಬ್ಯಾಂಕಿನಲ್ಲಿ ಲೋನ್ ವಿಭಾಗ. ದಾಖಲೆ ಇಲ್ಲದೆ ಯಾರನ್ನೂ ನಂಬಬಾರದು ಅನ್ನುವುದು ಅವನ ಅನ್ನದ ದಾರಿ. "ಹೋದ ದೀಪಾವಳೀಲಿ ಮಾವ ನಾಲ್ಕನೇವ್ರಾಗಿ ಬಂದಿದ್ರು, ಈ ಸಲ ಮೂರನೇವ್ರು. ಇನ್ನೆರಡು ಹಬ್ಬ ತಡೀರಿ, ಫಸ್ಟ್ ಬರ್ತಾರೆ" ಅಂತ ಎಲ್ಲರ ಮುಂದೆ ಅಂದಿದ್ದ. ಎಲ್ಲರೂ ನಕ್ಕರು. ಭಾವನೂ ನಕ್ಕರು. ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ, ನಾನು ಎದುರಿಗೇ ಕುಳಿತಿದ್ದೆ.

ಇಂಥ ಒಬ್ಬ ಗಂಡಸು ನಿಮ್ಮ ಮನೆಯಲ್ಲೂ ಇದ್ದಾರೆ, ಅಲ್ಲವಾ?

ಕಳೆದ ತಿಂಗಳು ಇದೇ ಅಂಕಣದಲ್ಲಿ ಯಾವುದೋ ಮಾತಿಗೆ, ನಮ್ಮ ಭಾವನಿಗೆ ಹಳೇ ಬೈಕುಗಳ ಹುಚ್ಚು ಅಂತ ಒಂದು ಸಾಲು ಬರೆದಿದ್ದೆ. ಅದನ್ನು ಓದಿ ಕೆಂಗೇರಿಯಿಂದ ಮಂಜುನಾಥ ಅನ್ನುವವರೊಬ್ಬರು ಫೋನ್ ಮಾಡಿದರು. ಮೂವತ್ತರ ಆಸುಪಾಸಿನ ದನಿ. "ಮೇಡಂ, ಮೈಸೂರು ಕಂಪನೀದು ಒಂದು ಹಳೇ ಗಾಡಿ ರೆಡಿ ಮಾಡಿದೀನಿ. ಮುಂದಿನ ವಾರ ವಿಂಟೇಜ್ ಶೋ ಇದೆ. ಅಷ್ಟರೊಳಗೆ ತಿಳಿದವರು ಒಂದ್ಸಲ ನೋಡಿ ಹೇಳಿದ್ರೆ ಧೈರ್ಯ. ಬಿನ್ನಿಪೇಟೇಲಿ ಒಂದು ಗ್ಯಾರೇಜ್ ಹಿಂದೆ, ಹುಣಸೇ ಮರದ ಕೆಳಗೆ ಬಿದ್ದಿತ್ತು."

ಅದನ್ನು ಭಾವನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

"ಹುಣಸೇ ಮರ ಅಂದನಾ? ನನ್ ಗಾಡೀನ ನಾನು ಮಾರಿದ್ದು ಆ ಗ್ಯಾರೇಜಿಗೇ ಕಣೇ."

ಭಾನುವಾರ ಗಿರೀಶನ ಕಾರಿನಲ್ಲಿ ಹೊರಟೆವು. ಅವನು ಬರುವುದಿಲ್ಲ ಅಂತಿದ್ದ. ಭಾವನೇ ಬಿಡಲಿಲ್ಲ. ಅಳಿಯಂದಿರು ಬರಲೇಬೇಕು ಅಂತ ಹಠ. ಮುಂದಿನ ಸೀಟಿನಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು, ಹೆಣ್ಣು ನೋಡಲು ಹೊರಟವರ ಹಾಗೆ ಕುಳಿತಿದ್ದರು.

"ಸಾವಿರಾರು ಗಾಡಿ ಇರ್ತವೆ ಮಾವ. ನಿಮ್ದೇ ಅಂತ ಹೆಂಗೆ ಗೊತ್ತಾಗುತ್ತೆ?" ಗಿರೀಶ ಕೇಳಿದ.

"ಮುಂದಿನ ಚಕ್ರದ ಬ್ರೇಕ್ ಮುಚ್ಚೋ ಪ್ಲೇಟ್ ನೋಡಿ. ಬರೀ ತೂತು. ರಾಗಿ ಜರಡಿ ಇದ್ದಂಗೆ ಇರುತ್ತೆ. ತೂಕ ಇಳೀಲಿ, ಗಾಳಿ ಆಡ್ಲಿ ಅಂತ ನಾನೇ ಹೊಡೆದಿದ್ದು. ರೇಸಿಗೆ ಅಂತ ಇಟ್ಟ ಗಾಡಿಗೆ ಬಿಟ್ರೆ ಇನ್ಯಾರೂ ಆ ಕೆಲಸ ಮಾಡಲ್ಲ. ಕೊನೇದು ಹೊಡೀವಾಗ ಡ್ರಿಲ್ ಜಾರಿ ಸೊಟ್ಟ ಆಯ್ತು. ಅದನ್ನ ನೋಡಿದ್ ಮೇಲೆ ಮಾತಾಡಿ."

ಗಿರೀಶ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ವೃಷಭಾವತಿ ಮೋರಿಯ ವಾಸನೆಗೆ ನಾನು ಗಾಜು ಏರಿಸಿದೆ. ನನಗೆ ಒಳಗೊಳಗೇ ಹೆದರಿಕೆ. ತೂತು ಇರದಿದ್ದರೆ? ಸಾಯುವವರೆಗೂ ಈ ಮನುಷ್ಯನನ್ನು ಯಾರೂ ನಂಬುವುದಿಲ್ಲ.

ಮಂಜುನಾಥ ಗೇಟಿನಲ್ಲೇ ಕಾಯುತ್ತಿದ್ದರು. ಹಳೇ ಕೆಂಗೇರಿಯ ಒಕ್ಕಲು ಮನೆತನ. ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಬಾಡಿಗೆ ಮನೆಗಳಾಗಿವೆ. ಅವರ ತಾಯಿ ಒಳಗಿನಿಂದಲೇ "ಬಿಸಿಲಲ್ಲಿ ಬಂದಿದೀರ, ಕೂತ್ಕೊಳಿ" ಅಂದರು. ಮಂಜುನಾಥ ಮಾತ್ರ ಶೆಡ್ಡಿನ ಕಡೆಗೇ ಎಳೆದುಕೊಂಡು ಹೋದರು. ಮೇಲೆ ಹೊದಿಸಿದ್ದ ಹತ್ತಿ ಸೀರೆ ತೆಗೆದರು.

ಅಬ್ಬಾ! ಏನು ಹೊಳಪು! ಮರೂನ್ ಬಣ್ಣದ ಟ್ಯಾಂಕು, ಮುಖ ಕಾಣುವಂಥ ಕ್ರೋಮ್, ಅಗಲವಾದ ಮಡ್‌ಗಾರ್ಡು, ಎರಡು ಕಡೆಗೂ ಉದ್ದನೆಯ ಸೈಲೆನ್ಸರು. ಶೋರೂಮಿನಿಂದ ನಿನ್ನೆ ತಂದ ಹಾಗಿತ್ತು.

ಭಾವ ಒಂದು ಸುತ್ತು ಬಂದರು. ಆಮೇಲೆ ಮುಂದಿನ ಚಕ್ರದ ಹತ್ತಿರ ಕುಳಿತರು. ನಾನು ಮೊದಲು ಹೇಳಿದೆನಲ್ಲ, ಹಾಗೆ.

ಬ್ರೇಕ್ ಪ್ಲೇಟ್ ತಟ್ಟೆಯ ಹಾಗೆ ನುಣ್ಣಗಿತ್ತು. ಒಂದೇ ಒಂದು ತೂತು ಇರಲಿಲ್ಲ.

ಭಾವ ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಇದ್ದರು. ಗಿರೀಶ ಗಂಟಲು ಸರಿಮಾಡಿಕೊಂಡ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅಯ್ಯೋ, ಅದೇ ಸಾರ್ ತುಂಬಾ ಕಾಡಿಸಿದ್ದು!" ಮಂಜುನಾಥ ಹಿಗ್ಗಿನಿಂದ ಪಕ್ಕದಲ್ಲೇ ಕುಕ್ಕರಿಸಿದರು. "ನಾನು ತಂದಾಗ ಅದರ ತುಂಬಾ ತೂತು. ಯಾವನೋ ಪೆದ್ದ ಕೈಗೆ ಡ್ರಿಲ್ ಸಿಕ್ತು ಅಂತ ಹೊಡೆದು ಹಾಕಿದಾನೆ. ಅದೂ ನೆಟ್ಟಗೆ ಹೊಡೆಯೋಕೆ ಬಂದಿಲ್ಲ ಸಾರ್, ಒಂದಂತೂ ಪೂರ್ತಿ ಸೊಟ್ಟ. ಹೊಸ ಪ್ಲೇಟ್ ಎಲ್ಲೂ ಸಿಗ್ಲಿಲ್ಲ. ಕೊನೆಗೆ ಒಂದೊಂದೇ ತೂತಿಗೆ ವೆಲ್ಡಿಂಗ್ ತುಂಬಿಸಿ, ಉಜ್ಜಿ, ಬಫಿಂಗ್ ಮಾಡಿಸ್ದೆ. ಹಿಂದಿನ ಮಡ್‌ಗಾರ್ಡ್ ಬೇರೆ ಕತ್ತರಿಸಿದ್ದ ಪುಣ್ಯಾತ್ಮ. ಈಗ ನೋಡಿ, ಹಂಗೇ ಒರಿಜಿನಲ್."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾವನ ಇಡೀ ಯೌವನವನ್ನು ಈ ಒಳ್ಳೆಯ ಹುಡುಗ, ಕೈಯಿಂದ ದುಡ್ಡು ಹಾಕಿ, ಪ್ರೀತಿಯಿಂದ ಉಜ್ಜಿ ತೆಗೆದಿದ್ದ.

ನಮ್ಮ ಜನಕ್ಕೆ ಈಗ ಹಳೆಯದರ ಮೇಲೆ ಎಲ್ಲಿಲ್ಲದ ಮೋಹ. ಆದರೆ ಹಳೆಯದು ಹೊಸದರ ಹಾಗಿರಬೇಕು! ದೇವಸ್ಥಾನದ ಕಲ್ಲುಕಂಬಕ್ಕೆ ಆಯಿಲ್ ಪೇಂಟ್. ವಿಜಯನಗರದ ನಮ್ಮ ಎದುರು ಮನೆಯವರು ಅಜ್ಜಿಯ ಈಳಿಗೆ ಮಣೆಯನ್ನು ಶೋಕೇಸಿನಲ್ಲಿ ಇಟ್ಟಿದ್ದಾರೆ. ಅಜ್ಜಿ ಕುಳಿತೂ ಕುಳಿತೂ ಸವೆದ ತಗ್ಗಿಗೆ ಕಾರ್ಪೆಂಟರ್ ಪುಟ್ಟಿ ತುಂಬಿ, ಪಾಲಿಶ್ ಹೊಡೆದು ಕೊಟ್ಟ. ಈಗ ಅದು ಯಾರ ಅಜ್ಜಿಯದಾದರೂ ಆಗಬಹುದು. ಕಂಪನಿ ಮಾಡಿಕೊಟ್ಟದ್ದು ಒರಿಜಿನಲ್, ಮನುಷ್ಯ ಬಳಸಿ ಮಾಡಿಕೊಂಡದ್ದು ಡ್ಯಾಮೇಜ್. ಇದನ್ನು ನಮಗೆ ಹೇಳಿಕೊಟ್ಟವರು ಯಾರು?

ಇರಲಿ. ಶೆಡ್ಡಿಗೆ ವಾಪಸ್ ಬರುತ್ತೇನೆ.

ಗಿರೀಶನ ಮುಖ ನೋಡಬೇಕಿತ್ತು. ಜರಡಿಯಂಥ ತೂತುಗಳು, ಸೊಟ್ಟಗಿನ ಒಂದು ತೂತು, ಎಲ್ಲವನ್ನೂ ಕಾರಿನಲ್ಲಿ ಅವನೇ ಕೇಳಿಸಿಕೊಂಡಿದ್ದ. ಲೋನಿಗೆ ಬೇಕಾದ ದಾಖಲೆ ತಾನಾಗಿಯೇ ಎದುರಿಗೆ ಬಂದು ನಿಂತಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ.

"ಅಲ್ರೀ ಮಂಜುನಾಥ್, ಆ ತೂತು ಹೊಡೆದ ಪೆದ್ದ ಯಾರು ಅಂದ್ರೆ..."

"ಅಳಿಯಂದಿರೇ," ಭಾವ ತಲೆ ಎತ್ತದೆ ಹೇಳಿದರು, "ಸ್ವಲ್ಪ ಕೈ ಕೊಡಿ, ಕಾಲು ಹಿಡ್ಕೊಂಡಿದೆ."

ಗಿರೀಶ ಬಾಯಿ ಮುಚ್ಚಿಕೊಂಡು ಕೈ ಕೊಟ್ಟ. ಭಾವ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದರು. "ಬಾಳ ಚೆನ್ನಾಗಿ ಮಾಡಿದೀಯಪ್ಪ. ಕಂಪನಿಯಿಂದ ಬಂದಂಗೇ ಇದೆ. ಶೋನಲ್ಲಿ ನಿಂದೇ ಎದ್ದು ಕಾಣುತ್ತೆ."

ಮಂಜುನಾಥರ ಮುಖ ಅರಳಿತು. ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದರು. ನೀಲಿ ಹೊಗೆ, ಮೆತ್ತನೆಯ ಡುಗುಡುಗು ಸದ್ದು. "ಒಂದು ರೌಂಡ್ ಹೋಗಿ ಬನ್ನಿ ಸಾರ್."

ಭಾವ ಹ್ಯಾಂಡಲ್ ಮುಟ್ಟಲಿಲ್ಲ. "ಬೇಡಪ್ಪ. ನಿನ್ ಗಾಡಿ, ನೀನೇ ಓಡ್ಸು."

ವಾಪಸ್ ಬರುವಾಗ ಕಾರಿನಲ್ಲಿ ನಾನೇ ತಡೆಯಲಾರದೆ ಕೇಳಿದೆ. "ನಾನೇ ಅಂತ ಒಂದು ಮಾತು ಹೇಳಬಾರದಾಗಿತ್ತಾ ಭಾವ? ನಮ್ಮೆಲ್ಲರ ಬಾಯಿ ಮುಚ್ಚಿಸಬಹುದಿತ್ತು."

"ಹೇಳಿದ್ರೆ ಏನ್ಮಾಡ್ತಿದ್ದ ಹೇಳು? ಪಾಪ, ಅಯ್ಯೋ ಅಂತ ಇವತ್ತು ಸಾಯಂಕಾಲಾನೇ ಡ್ರಿಲ್ ತಗೊಂಡು ಕೂತ್ಕೋತಿದ್ದ. ನಾನ್ ಹೊಡೆದ ತೂತೇನು ವಾಪಸ್ ಬರುತ್ತಾ? ಅವನ ಕೆಲಸಾನೂ ಕೆಡುತ್ತೆ." ಕಿಟಕಿ ಕಡೆ ತಿರುಗಿ ಅಂದರು, "ಒಳ್ಳೇ ಹುಡುಗ ಕಣೇ."

ಮೈಸೂರು ರಸ್ತೆಯಲ್ಲಿ ಲಾರಿಗಳ ಹಿಂದೆ ನಿಂತಿದ್ದೆವು. ಗಿರೀಶ ಎಫ್ಎಂ ಆಫ್ ಮಾಡಿದ. ಮಾವನ ಕಡೆ ತಿರುಗಿದ. ಅವನ ದನಿಯಲ್ಲಿ ಅಷ್ಟೊಂದು ಮರ್ಯಾದೆಯನ್ನು ಮದುವೆ ಮಂಟಪದಲ್ಲೂ ನಾನು ಕೇಳಿರಲಿಲ್ಲ.

"ಮಾವ, ಆ ರೇಸ್ ವಿಷ್ಯ... ಮೊದ್ಲಿಂದ ಹೇಳಿ ಮಾವ. ನಿಜವಾಗ್ಲೂ ಕೇಳ್ತೀನಿ."

ಭಾವ ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು.

"ಇವತ್ತು ಬೇಡ ಬಿಡಿ," ಅಂದರು. "ಸುಸ್ತಾಗಿದೆ."

ಕೇಳುವವರಿಲ್ಲದೆ ಜೀವಮಾನವೆಲ್ಲ ಹೇಳಿದವರಿಗೆ, ಕೇಳುವವನು ಸಿಕ್ಕ ದಿನವೇ ಹೇಳುವ ಆಸೆ ಸತ್ತುಹೋದರೆ, ಅದಕ್ಕೆ ಯಾವ ಗ್ಯಾರೇಜಿನಲ್ಲಿ ರಿಪೇರಿ ಇದೆ ಹೇಳಿ?