ಕೊನೆಗೆ ಹೊಡೆಯುವ ಪ್ರಾಣಿ

ನನ್ನ ತಮ್ಮನಿಗೆ ಈ ಪ್ರಪಂಚದಲ್ಲಿ ಎಲ್ಲಕ್ಕಿಂತ ಕಷ್ಟದ ಮಾತೆಂದರೆ ಅವನ ಸ್ವಂತ ಹೆಸರು. ಬೇರೆ ಮಾತಾದರೆ ಸುತ್ತಿಬಳಸಿ ಹೇಗೋ ದಾಟಿಕೊಳ್ಳುತ್ತಾನೆ. ಹೆಸರಿಗೆ ಬದಲಿ ಹೆಸರು ಎಲ್ಲಿಂದ ತರುವುದು? ಅವನ ಬಾಯಿಗೆ ಬರದಿದ್ದದ್ದನ್ನು ನಾನಿಲ್ಲಿ ಸಲೀಸಾಗಿ ಬರೆದು ಜಂಬ ಕೊಚ್ಚಿಕೊಳ್ಳುವುದಿಲ್ಲ. ತಮ್ಮ ಎಂದರೆ ಸಾಕು.

ಅವನಿಗೆ ಉಗ್ಗು, ಚಿಕ್ಕಂದಿನಿಂದಲೂ. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವನು ‘ಇದ್ದೀನಿ’ ಎನ್ನುವಷ್ಟರಲ್ಲಿ ಮೇಷ್ಟರು ಮುಂದಿನವನ ಹೆಸರೂ ದಾಟಿರುತ್ತಿದ್ದರು. ಕಣ್ಣೆದುರಿಗೆ ಕೂತವನು ಗೈರುಹಾಜರಿ. ಅಂಗಡಿಗೆ ಬ್ಲೇಡು ತರಲು ಹೋದವನು ಮೇಣದಬತ್ತಿ ತರುತ್ತಿದ್ದ, ಯಾಕೆಂದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ. ನಮ್ಮ ಮನೆಯಲ್ಲಿ ಕರೆಂಟು ಹೋದರೆ ಯಾರೂ ಚಿಂತೆ ಮಾಡುತ್ತಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವನಿಗೆ ಬಾಯಿಯಾಗಿ ನಾನಿದ್ದೆ. ಅವನು ಶುರು ಮಾಡಿದ್ದನ್ನು ನಾನು ಮುಗಿಸುತ್ತಿದ್ದೆ, ಡಾಕ್ಟರ ಹತ್ತಿರ, ನೆಂಟರ ಎದುರು, ಕೆಲಸಕ್ಕೆ ಸೇರುವಾಗ ಮಾಲೀಕರ ಮುಂದೆ ಕೂಡ. ಅಕ್ಕ ಅಂದಮೇಲೆ ಅದರಲ್ಲೇನು ಹೆಚ್ಚುಗಾರಿಕೆ.

ಕೆಲಸ ಸಿಕ್ಕಿದ್ದೂ ಪುಣ್ಯಕ್ಕೆ ಮಾತು ಬೇಡದ ಕಡೆ, ಲಾರಿಗಳನ್ನು ತೂಗುವ ವೇಬ್ರಿಜ್‌ನಲ್ಲಿ. ರಸ್ತೆ ಬದಿಗೆ ಗಾಜಿನ ಕಿಟಕಿಯ ಪುಟ್ಟ ಕೋಣೆ, ಎದುರಿಗೆ ನೆಲಕ್ಕೆ ಹಾಸಿದ ಉಕ್ಕಿನ ಹಲಗೆ. ಲಾರಿ ಹತ್ತಿ ನಿಂತರೂ ಒಳಗಿನ ಪರದೆಯಲ್ಲಿ ಅಂಕಿ ಕುಣಿಯುತ್ತಲೇ ಇರುತ್ತದೆ. ಗಾಡಿಯ ಅಲುಗಾಟ ನಿಲ್ಲಬೇಕು, ಡ್ರೈವರ್ ಕೆಳಗಿಳಿಯಬೇಕು, ಆಮೇಲೆ ಅಂಕಿ ಒಂದು ಕಡೆ ನಿಲ್ಲುತ್ತದೆ. ಹಿಂದಿನವರು ಎಷ್ಟೇ ಹಾರನ್ ಬಾರಿಸಲಿ, ಅಂಕಿ ನಿಲ್ಲುವ ತನಕ ನನ್ನ ತಮ್ಮ ತೂಕದ ಚೀಟಿ ಹರಿದುಕೊಡುವವನಲ್ಲ. ಬೇಕಾದಷ್ಟು ಬೈಗುಳ ತಿಂದಿದ್ದಾನೆ. ಮಾತೆಲ್ಲ ಬೆರಳಲ್ಲೇ: ಗಾಜಿಗೆ ಒಂದು ಸಲ ಕುಟ್ಟಿದರೆ ಹಿಂದೆ ಸರಿ, ಎರಡು ಸಲ ಕುಟ್ಟಿದರೆ ಹೊರಡು.

ಲಾರಿ ಇಲ್ಲದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಒಂದು ಕಾಳಗದ ಆಟ ಆಡುತ್ತಿದ್ದ. ಇಬ್ಬರು ಆಟಗಾರರು, ಇಬ್ಬರಿಗೂ ವಿಚಿತ್ರ ಪ್ರಾಣಿಗಳ ಒಂದೊಂದು ತಂಡ. ಪ್ರತಿ ಸುತ್ತಿನಲ್ಲೂ ಯಾವ ಪ್ರಾಣಿ ಚುರುಕೋ ಅದರ ಏಟು ಮೊದಲು. ಮೀಸೆ ಬಂದ ಮೇಲೂ ಮಕ್ಕಳಾಟವೇ ಎಂದು ನಾನು ಗೇಲಿ ಮಾಡುತ್ತಿದ್ದೆ. ನೋಡಿದರೆ ಅದರ ಸುತ್ತ ಮೊಮ್ಮಕ್ಕಳಿರುವವರೂ ಸೇರಿದ ದೊಡ್ಡ ಗುಂಪೇ ಇತ್ತು. ಕಂಪನಿ ಕೊಟ್ಟ ಪ್ರಾಣಿಗಳು ಸಾಲದೆಂದು ಅವರೇ ಹೊಸ ಪ್ರಾಣಿ ಹುಟ್ಟಿಸಿ ತಮ್ಮತಮ್ಮಲ್ಲೇ ಆಡಿಸಿಕೊಳ್ಳುತ್ತಾರೆ. ಚರ್ಚೆಯೆಲ್ಲ ಬರಹದಲ್ಲಿ. ಬರೆಯುವ ಕೈಗೆ ಉಗ್ಗೆಲ್ಲಿಂದ ಬರಬೇಕು? ಅಲ್ಲಿ ನನ್ನ ತಮ್ಮ ಮಾತಿನ ಮಲ್ಲ. ತೂಗಿ ನೋಡಿ ಹೇಳುತ್ತಾನೆಂದು ಅವನಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದರು. ಅವನ ಉಗ್ಗು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಪ್ರಾಣಿ ಹುಟ್ಟಿಸುವುದಕ್ಕೂ ಅವರಲ್ಲಿ ಕಟ್ಟುನಿಟ್ಟು. ಮೊದಲು ಬೇಕಾದದ್ದು ಚಿತ್ರವಲ್ಲ, ಶಕ್ತಿಯೂ ಅಲ್ಲ, ಒಂದು ಯೋಚನೆ. ಆ ಯೋಚನೆ ಆಟದ ಬಗ್ಗೆ ಒಂದು ಪ್ರಶ್ನೆಯಾಗಿರಬೇಕು, ಆ ಪ್ರಶ್ನೆಗೆ ಉತ್ತರ ಯಾರಿಗೂ ಗೊತ್ತಿರಬಾರದು. ಪ್ರಾಣಿಯನ್ನು ಮಾಡಿ, ಆಡಿಸಿ ನೋಡಿದ ಮೇಲೇ ತಿಳಿಯಬೇಕು. ‘ಬೆಂಕಿ ರೆಕ್ಕೆಯ ರಾಜಹದ್ದು’ ಎಂದು ಬರೆದರೆ ಅದು ಬರೀ ಚಿತ್ರ. ‘ಎಲ್ಲ ವಿದ್ಯೆ ಬಲ್ಲ ಪ್ರಾಣಿ’ ಎಂದರೆ ದುರಾಸೆ. ಜನ ಕಳಿಸಿದ ರಾಶಿಯಲ್ಲಿ ಕೆಲವನ್ನು ಹೆಕ್ಕಿ ಗುಂಪಿನ ಮತಕ್ಕೆ ಇಡಲು ಪ್ರತಿ ಸಲ ಒಬ್ಬ ಆಯ್ಕೆಗಾರ. ಹೆಚ್ಚು ಮತ ಬಿದ್ದದ್ದು ಪ್ರಾಣಿಯಾಗುತ್ತದೆ. ಈ ಸಲ ತಕ್ಕಡಿಯೇ ಆಗಲಿ ಎಂದರು. ತಮ್ಮ ಉಬ್ಬಿಹೋಗಿ ಒಪ್ಪಿಕೊಂಡ.

ಒಪ್ಪಿದ ಮೇಲೆ ವಕ್ಕರಿಸಿತು ಗ್ರಹಚಾರ. ಹಿಂದಿನ ಆಯ್ಕೆಗಾರ ಗೆಳೆಯನ ಯೋಚನೆಯನ್ನು ಒಳಗಿಂದೊಳಗೆ ತೂರಿಸಿದ ಎಂದು ಜಗಳವಾಗಿತ್ತಂತೆ. ಅದಕ್ಕೆ ಹೊಸ ನಿಯಮ ಮಾಡಿದರು. ಯಾವುದನ್ನು ಆರಿಸಿದೆ, ಯಾವುದನ್ನು ಯಾಕೆ ಬಿಟ್ಟೆ ಎಂದು ಆಯ್ಕೆಗಾರ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಇಡೀ ಗುಂಪಿಗೆ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಆಯ್ಕೆಯಾಗದವರು ಅಲ್ಲೇ ಪ್ರಶ್ನೆ ಕೇಳಬಹುದು, ಅವರಿಗೂ ಅಲ್ಲೇ ಉತ್ತರ ಕೊಡಬೇಕು.

ಆವತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಫೋನು ಸದ್ದು ಮಾಡಿದರೆ ಬೆಚ್ಚಿಬೀಳುತ್ತಿದ್ದ. ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಮೊದಲ ಮಾತಿಗೇ ಸಿಕ್ಕಿಕೊಳ್ಳುತ್ತಿದ್ದ, ಹೊರಗೆ ನಿಂತ ನನಗೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ಬಟ್ಟೆ ಇಸ್ತ್ರಿ ಮಾಡುವವಳು, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅವನು ಅಲ್ಲಿ ಬಂದು ಕೂತು ಸುಮ್ಮನೆ ನನ್ನ ಕೈ ನೋಡುತ್ತಿದ್ದ. ಅವನ ಹೆದರಿಕೆ ನನಗೂ ಅಂಟಿತು. ಒಂದು ಅಂಗಿಯ ಕಾಲರು ಸುಟ್ಟೆ.

ಆಗಲ್ಲ ಎಂದು ಬರೆದು ಹಾಕೋ, ಪೀಡೆ ಕಳೆಯಲಿ ಎಂದೆ. ಹಾಗೆ ಮಾಡಿದರೆ ಆಯ್ಕೆ ‘ಗುಡುಗು’ ಎಂಬ ಗುಂಪಿನ ಉಪನಾಯಕನ ಕೈಗೆ ಹೋಗುತ್ತದಂತೆ, ಅವನು ಆ ರಾಜಹದ್ದನ್ನೇ ಎತ್ತಿ ಕೂರಿಸುತ್ತಾನಂತೆ. ಆದರೆ ತಮ್ಮನನ್ನು ತಿನ್ನುತ್ತಿದ್ದದ್ದು ಹದ್ದಲ್ಲ.

“ಅಲ್ಲಿ ಯಾರೂ ನನ್ನ ಮಾತು ಮುಗಿಸಲ್ಲ ಅಕ್ಕ. ಗೊತ್ತಾದ್ರೆ, ಮುಗಿಸೋಕೆ ಶುರು ಮಾಡ್ತಾರೆ.”

ಇಷ್ಟು ಹೇಳುವಷ್ಟರಲ್ಲಿ ನಾನು ಒಂದು ಪ್ಯಾಂಟು ಮಡಿಸಿ ಇಟ್ಟಿದ್ದೆ. ಮುಖ ತೋರಿಸದೆ ಮುಂದಿನ ಪ್ಯಾಂಟು ಎಳೆದುಕೊಂಡೆ.

ರಾಶಿಯಲ್ಲಿ ಒಂದು ಯೋಚನೆ ಅವನ ಮನಸ್ಸಿಗೆ ನಾಟಿತ್ತು. ‘ಬಸವನಹುಳು’ ಎಂಬ ಹೆಸರಿನವರು ಯಾರೋ ಕಳಿಸಿದ್ದು: ಚುರುಕಾದವರೇ ಗೆಲ್ಲುವ ಆಟದಲ್ಲಿ ಕೊನೆಗೆ ಹೊಡೆಯುವುದೇ ಲಾಭವಾದರೆ? ಓದಿ ಅವನ ಕಣ್ಣು ತುಂಬಿದ್ದನ್ನು ನಾನು ಕಂಡೆ. ಅದನ್ನೇ ಆರಿಸು, ಇನ್ನೇನು ನೋಡುವುದು ಎಂದೆ. ತಲೆ ಅಲ್ಲಾಡಿಸಿದ. ಸರದಿಯನ್ನು ತಲೆಕೆಳಗು ಮಾಡುವ ಮಂತ್ರವೊಂದು ಆಟದಲ್ಲಿ ಆಗಲೇ ಇದೆಯಂತೆ. ಅದನ್ನು ಹಾಕಿದರೆ ನಿಧಾನದ್ದೇ ಮೊದಲು ಹೊಡೆಯುತ್ತದೆ. ಈ ಪ್ರಾಣಿಯನ್ನು ಆಡಿಸುವವರೆಲ್ಲ ಆ ಮಂತ್ರ ಹಾಕಿ ಇದರಿಂದಲೇ ಮೊದಲು ಹೊಡೆಸುತ್ತಾರೆ, ಮುಗಿಯಿತು. ಉತ್ತರ ಗೊತ್ತಿರುವ ಪ್ರಶ್ನೆ. ತನ್ನ ಹಾಗೇ ಇದೆಯೆಂದು ಆರಿಸಿದರೆ, ಗೆಳೆಯನನ್ನು ತೂರಿಸಿದವನಿಗೂ ತನಗೂ ಏನು ವ್ಯತ್ಯಾಸ ಎಂದ. ಅವನು ಆರಿಸಿದ್ದರಲ್ಲಿ ಮುಖ್ಯವಾದದ್ದು ಬೇರೆ: ಕಣಕ್ಕೆ ಇಳಿಯದೆ, ಇಳಿದೀತು ಎಂಬ ಭಯದಿಂದಲೇ ತಂಡವನ್ನು ಗೆಲ್ಲಿಸುವ ಪ್ರಾಣಿ ಸಾಧ್ಯವೇ? ಭಯದ ವಿಷಯಕ್ಕೆ ಇವನಿಗಿಂತ ಒಳ್ಳೆ ಪರೀಕ್ಷಕ ಸಿಗಲಾರ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಎಳೆದು, ಇಸ್ತ್ರಿ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡೆವು. ಅವನು ಆಗಲೇ ಎರಡು ಸಲ ವಾಂತಿ ಮಾಡಿದ್ದ. ಗುಡುಗು ಎಲ್ಲರನ್ನೂ ಸ್ವಾಗತಿಸಿ, ತಕ್ಕಡಿಯವರು ಮಾತಾಡಲಿ ಎಂದ.

ತಮ್ಮ ಬಾಯಿ ತೆರೆದ. ಮಾತು ಬರಲಿಲ್ಲ. ಕತ್ತಿನ ನರ ಉಬ್ಬಿತು, ರೆಪ್ಪೆ ಅದುರಿತು. ಕೊನೆಗೆ ಅರ್ಧ ಮಾತು ಹೊರಬಿತ್ತು, ಮತ್ತೆ ನಿಂತಿತು.

ನೆಟ್‌ವರ್ಕ್ ಕಟ್ ಆಗುತ್ತಿದೆ ಎಂದು ಯಾರೋ ಅಂದರು. ಹೌದು ಹೌದು, ನಮಗೂ ತುಂಡುತುಂಡಾಗಿ ಕೇಳುತ್ತಿದೆ ಎಂದು ಇನ್ನೊಬ್ಬರು. ತಮ್ಮ ನನ್ನ ಮುಖ ನೋಡಿದ. ಆಮೇಲೆ ಬೆರಳು ತಾನಾಗಿ ಓಡಿತು: ‘ಕ್ಷಮಿಸಿ, ನಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ.’ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ನನಗೂ ಉಸಿರು ಬಂತು, ಸುಳ್ಳು ಹೇಳುವುದಿಲ್ಲ. ಆ ನೆಟ್‌ವರ್ಕಿನ ಮರೆಯಲ್ಲೇ ಅವನು ಬೆವರು ಸುರಿಸುತ್ತ ಎಲ್ಲವನ್ನೂ ಹೇಳಿದ. ಜನ ಪಾಪ ತಾಳ್ಮೆಯಿಂದ ಕೇಳಿದರು. ಬಸವನಹುಳುವಿನ ಯೋಚನೆ ಯಾಕೆ ಬಿಟ್ಟೆ ಎಂಬುದೂ ಮುಗಿಯಿತು. ಬದುಕಿದೆವು ಎಂದುಕೊಂಡೆ.

ಪ್ರಶ್ನೆ ಇದ್ದರೆ ಕೇಳಿ ಎಂದ ಗುಡುಗು. ಫೋನಿನ ಪರದೆಯಲ್ಲಿ ಬಸವನಹುಳುವಿನ ಹೆಸರಿನ ಪಕ್ಕದ ದೀಪ ಹಸಿರಾಯಿತು. ಯಾವ ದನಿಯೂ ಇಲ್ಲ. ಆಮೇಲೆ ಒಂದು ಹೆಂಗಸಿನ ದನಿ, “ಆ... ಆ...” ಎಂದು ಮತ್ತೆ ನಿಂತುಹೋಯಿತು.

ಯಾರೋ ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ತನ್ನ ಯೋಚನೆ ಕೈಬಿಟ್ಟ ಸಿಟ್ಟಿಗೆ ನನ್ನ ತಮ್ಮನನ್ನು ಅಣಕಿಸುತ್ತಿದ್ದಾಳಲ್ಲ, ಇವಳ ನಾಲಿಗೆ ಸೇದಿಹೋಗ ಎಂದುಕೊಂಡೆ. ಗುಡುಗಿಗೂ ಹಾಗೇ ಅನ್ನಿಸಿತು. ತಕ್ಕಡಿಯವರ ನೆಟ್‌ವರ್ಕ್ ಅಣಕಿಸುವುದು ತಮಾಷೆಯಲ್ಲ, ನಿಲ್ಲಿಸದಿದ್ದರೆ ಗುಂಪಿನಿಂದಲೇ ಹೊರಗೆ ಹಾಕುತ್ತೇನೆ ಎಂದ. ಆ ಕಡೆಯಿಂದ ಮತ್ತೆ ಬರೀ ಮೌನ.

ತಮ್ಮನಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ನನಗೆ ಹೇಳಿದ: ಅಣಕಿಸುವವರು ಅಕ್ಷರವನ್ನು ಪಟಪಟ ಕುಣಿಸುತ್ತಾರೆ, ಆ ನಡುವಿನ ಮೌನ ಅವರಿಗೆ ಬರುವುದಿಲ್ಲ. ಆ ಮೌನ ಅನುಭವಿಸಿದವರಿಗೇ ಗೊತ್ತು.

ಗುಡುಗು, ಸರಿ, ತೆಗೀತಿದೀನಿ ಎಂದ. ಬೆರಳಾಡಿಸಿ ಬರೆಯುವಷ್ಟು ಹೊತ್ತೂ ಇರಲಿಲ್ಲ. ತಮ್ಮ ಬಾಯಿ ತೆರೆದ, ಮಾತು ಕಲ್ಲಿನಂತೆ ಗಂಟಲಲ್ಲಿ ಕೂತಿತು. ನಾನು ಫೋನಿನ ಕಡೆ ಬಾಗಿದೆ, ಹೇಳೇಬಿಡೋಣ ಎಂದು. ಅವನು ನನ್ನ ಮಣಿಕಟ್ಟು ಹಿಡಿದ. ಹಿಡಿತ ಬಿಡಲಿಲ್ಲ.

“ತೆ... ತೆಗೀಬೇಡಿ. ನೆಟ್‌ವರ್ಕ್ ಅಲ್ಲ ಅದು. ನ... ನಂಗೆ ಉಗ್ಗು. ಅವರಿಗೂ.”

ಮುಗಿಯಿತು, ಇನ್ನು ಇವರೆಲ್ಲ ಇವನನ್ನು ಎಳೆಗೂಸಿನಂತೆ ಕಾಣುತ್ತಾರೆ ಎಂದು ನನಗೆ ಅಳು ಬಂತು. ಅವನು ಬಸವನಹುಳುವಿಗೆ ಹೇಳಿದ: “ನಿಧಾನಕ್ಕೆ ಕೇಳಿ. ಕಾಯ್ತೀನಿ.”

ಕಾದ. ಅಂಕಿ ನಿಲ್ಲುವ ತನಕ ಗಾಜಿನ ಹಿಂದೆ ಕೂರುತ್ತಾನಲ್ಲ, ಹಾಗೇ. ಅವಳು ಕೇಳಿ ಮುಗಿಸುವಷ್ಟರಲ್ಲಿ ಹೊರಗೆ ಯಾರೋ ಬಟ್ಟೆ ಕೇಳಲು ಬಂದು ಬಾಗಿಲು ಬಡಿದು ಬೈದುಕೊಂಡು ವಾಪಸ್ ಹೋದರು. ಅವಳು ಕೇಳಿದ್ದು ಇಷ್ಟು:

“ಆ ಮಂತ್ರವೇ ಇಲ್ಲದೆ ಆಡಬೇಕು ಅಂತ ಮೊದಲೇ ಗೆರೆ ಎಳೆದ್ರೆ? ಎಲ್ಲರ ಏಟೂ ತಿಂದು, ಕೊನೆಗೇ ಹೊಡೆಯೋದು. ಆಗ ಗೆಲ್ಲುತ್ತಾ?”

ತಮ್ಮ ಗೋಡೆ ನೋಡುತ್ತ ಕೂತ. ಅವನ ತಲೆಯಲ್ಲಿ ಸುತ್ತಿನ ಮೇಲೆ ಸುತ್ತು ಓಡುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ಫೋನಿನ ಕಡೆ ತಿರುಗಿ, “ನಂಗೆ ಗ...” ಎಂದು ಶುರು ಮಾಡಿ ಸಿಕ್ಕಿಕೊಂಡ.

ಅದೇನು ಮಾತೆಂದು ನನಗೆ ಗೊತ್ತಿತ್ತು. ಕೇಳುತ್ತಿದ್ದ ಎಲ್ಲರಿಗೂ ಗೊತ್ತಿತ್ತು, ಗುಡುಗಿಗೂ. ನನ್ನ ತುಟಿಯ ಮೇಲೆ ಬಂದು ಕೂತಿತ್ತು. ಅವನ ಬೆರಳುಗಳು ಇನ್ನೂ ನನ್ನ ಮಣಿಕಟ್ಟಿನ ಮೇಲಿದ್ದವು. ಆ ಕಡೆ ಒಬ್ಬರೂ ಬಾಯಿ ಹಾಕಲಿಲ್ಲ. ನಾನು ತುಟಿ ಕಚ್ಚಿಕೊಂಡು ಕೂತೆ.

“...ಗೊತ್ತಿಲ್ಲ” ಎಂದ ಕೊನೆಗೆ. “ಅದಕ್ಕೆ, ಅದನ್ನೂ ಮತಕ್ಕೆ ಇಡ್ತೀನಿ.”